ಯೀಸ್ಟಿನ ಜೀವವನ್ನು ಕಂಡ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ಹುಚ್ಚುನಾಯಿ ಕಡಿತದ ಲಸಿಕೆ ನೆನಪಾಗುತ್ತದೆ. ಅದಕ್ಕೂ ಬಹಳ ಮುಂಚೆ ಅವರು, ದ್ರಾಕ್ಷಾರಸವನ್ನು ಹುದುಗಿಸುವ ಯೀಸ್ಟಿನ ಬೆನ್ನುಹತ್ತಿದ್ದರು.

1822ರಲ್ಲಿ ಫ್ರಾನ್ಸಿನ ದೋಲ್ ಊರಿನಲ್ಲಿ, ಚರ್ಮ ಹದಮಾಡುವ ಕಥೋಲಿಕ ಕುಟುಂಬದಲ್ಲಿ ಜನನ. 1856ರಲ್ಲಿ ಲಿಲ್ ಪಟ್ಟಣದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುವ ಉದ್ಯಮಿಯೊಬ್ಬರು ತಮ್ಮ ತೊಟ್ಟಿಗಳು ಕೆಡುತ್ತಿವೆಯೆಂದು ಅವರ ಬಳಿ ಬಂದರು. ಹುದುಗುವುದೆಂದರೆ ಬರಿಯ ಕೊಳೆಯುವಿಕೆ ಎಂದು ಜರ್ಮನಿಯ ಲೀಬಿಗ್‌ರಂಥ ಪಂಡಿತರು ಸಾಧಿಸುತ್ತಿದ್ದ ಕಾಲವದು. ಪಾಶ್ಚರ್ ಅಲ್ಲಿ ಸಾವನ್ನಲ್ಲ, ಜೀವವನ್ನು ಕಂಡರು.

1859ರಲ್ಲಿ ಒಂಬತ್ತು ವರ್ಷದ ಹಿರಿಮಗಳು ಝಾನ್ ವಿಷಮಶೀತಜ್ವರದಿಂದ ತೀರಿಕೊಂಡಳು. ಆ ದುಃಖ ಹೊತ್ತೇ ಅವರು ಕೆಲಸ ಮುಂದುವರಿಸಿದರು. 1861ರಲ್ಲಿ ತಿಳಿಸಿದ್ದು ಇದು: ಗಾಳಿ ಸಿಕ್ಕರೆ ಯೀಸ್ಟ್ ಸ್ವಲ್ಪ ಸಕ್ಕರೆಯಲ್ಲೇ ಚೆನ್ನಾಗಿ ಬೆಳೆಯುತ್ತದೆ, ಗಾಳಿಯಿಲ್ಲದಾಗ ರಾಶಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತ ಹೇಗೋ ಬದುಕುತ್ತದೆ. ಇದಕ್ಕೆ ಇಂದಿಗೂ ಪಾಶ್ಚರ್ ಪರಿಣಾಮವೆಂದೇ ಹೆಸರು. ಗ್ಲೂಕೋಸ್ ಹೇರಳವಾಗಿದ್ದರೆ ಗಾಳಿಯಿದ್ದರೂ ಯೀಸ್ಟ್ ಹುದುಗಿಸುತ್ತದೆ, ಅದನ್ನು ಗುರುತಿಸುವ ಪ್ರೋಟೀನುಗಳು ಕೋಶದ ಪೊರೆಯಲ್ಲೇ ಇವೆ ಎಂಬುದನ್ನು ನಂತರದವರು ಕಂಡುಕೊಂಡರು.

1865ರಲ್ಲಿ ಎರಡು ವರ್ಷದ ಕಮೀಯ್, ಮರುವರ್ಷ ಸೆಸೀಲ್, ಹೀಗೆ ಇನ್ನಿಬ್ಬರು ಹೆಣ್ಣುಮಕ್ಕಳನ್ನೂ ಮಣ್ಣಿಗೆ ಕೊಟ್ಟರು. 1868ರಲ್ಲಿ ಎಡಭಾಗಕ್ಕೆ ಲಕ್ವ ಹೊಡೆಯಿತು. ಲಸಿಕೆಗಳ ಕೆಲಸವೆಲ್ಲ ಆಮೇಲಿನದು. ನಮ್ಮ ಪ್ರಬೋಧನೆಗಳಲ್ಲಿ ಅವರನ್ನು ಸಂತರಂತೆ ಚಿತ್ರಿಸುವುದುಂಟು, ಅದರ ಅಗತ್ಯವಿಲ್ಲ. 1895ರ ಸೆಪ್ಟೆಂಬರ್ 28ರಂದು, ಒಂದು ಕೈಯಲ್ಲಿ ಮಡದಿಯ ಕೈ, ಇನ್ನೊಂದರಲ್ಲಿ ಶಿಲುಬೆ ಹಿಡಿದು ಅವರು ಕಣ್ಣುಮುಚ್ಚಿದರು. ಅಂತ್ಯಸಂಸ್ಕಾರದ ವಿಧಿ ನಡೆದದ್ದು ಪ್ಯಾರಿಸ್ಸಿನ ನೋತ್ರ್‌ದಾಮ್ ಪ್ರಧಾನಾಲಯದಲ್ಲಿ.