ಲಕ್ಕಮ್ಮನ ಹೆಸರಿನೊಳಗಿನ ಅಕ್ಕಿ

ಕಲಬುರಗಿಯ ಬೇಳೆ ಗಿರಣಿಯಲ್ಲಿ ತೊಗರಿ ಹಸನು ಮಾಡುವವಳೂ ಕಮಲಾಪುರದ ಬಾಳೆ ತೋಟದಲ್ಲಿ ಕಳೆ ತೆಗೆಯುವವಳೂ ಸರ್ಕಾರಿ ಕಾಗದಪತ್ರಗಳಲ್ಲಿ ಬಹುಮಟ್ಟಿಗೆ ಇಂಥವರ ಹೆಂಡತಿ ಎಂದೇ ದಾಖಲಾಗುತ್ತಾರೆ. ವೃತ್ತಿ ಎಂಬ ಕಾಲಂ ಇದ್ದರೆ ಅಲ್ಲಿ ಗೃಹಿಣಿ ಎಂದು ಬರೆದು ಮುಗಿಸುವುದು ರೂಢಿ. ಆ ತೊಗರಿಗೂ ಕೆಂಪು ಬಾಳೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಗುಲ್ಬರ್ಗ ಎನಿಸಿಕೊಂಡಿದ್ದ ಊರೂ 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾಯಿತು.

ಕಮಲಾಪುರ, ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ನನಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಈ ವಚನಕಾರ್ತಿ ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಬಸವಣ್ಣನ ಕೀರ್ತಿ ಕೇಳಿ ಗಂಡ ಮಾರಯ್ಯನೊಡನೆ ಕಲ್ಯಾಣಕ್ಕೆ ಬಂದಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅಟ್ಟು, ಜಂಗಮರಿಗೆ ನೀಡಿ ಉಣ್ಣುವುದು ಆ ದಂಪತಿಯ ಕಾಯಕವಾಗಿತ್ತು.

ಮಾರಯ್ಯ ಒಮ್ಮೆ ಅನುಭಾವದ ಮಾತುಕತೆಯಲ್ಲಿ ಮೈಮರೆತು ಕಾಯಕದ ಹೊತ್ತು ಮೀರಿದನಂತೆ. ಲಕ್ಕಮ್ಮ ಎಚ್ಚರಿಸಿ ಕಳುಹಿಸಿದಳು. ಅವನು ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆಕೆ ಹಿಗ್ಗಲಿಲ್ಲ. ನಮಗೆ ಸಲ್ಲುವ ಅಳತೆಯನ್ನು ಮೀರಿದ್ದು ಆಸೆಯಿಂದ ಬಂದದ್ದು, ಅದು ಶಿವನಿಗೂ ಒಪ್ಪದು ಎಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಯ ಪ್ರಸಂಗ ವಿಸ್ತಾರವಾಗಿಯೇ ಬರುತ್ತದೆ. ಅಲ್ಲಿ ಹೆಂಡತಿಯೇ ಗಂಡನಿಗೆ ಬೋಧಿಸುವವಳು.

ಈ ಕಥೆಯನ್ನು ನಿರ್ಲೋಭಕ್ಕೆ ಉದಾಹರಣೆಯಾಗಿ ಶಾಲೆಯಲ್ಲಿ ಓದಿದವರೇ ನಾವೆಲ್ಲ. ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಕಥೆಯಲ್ಲಿ ಅಕ್ಕಿ ಆಯಲು ಹೋಗುವವನು ಮಾರಯ್ಯ, ಲಕ್ಕಮ್ಮ ಮನೆಯಲ್ಲಿರುವವಳು. ನಮ್ಮ ಜನಗಣತಿಯವರು ಆ ಗುಡಿಸಲಿಗೆ ಬಂದಿದ್ದರೆ ಅವನನ್ನು ದುಡಿಯುವವನೆಂದೂ ಆಕೆಯನ್ನು ದುಡಿಯದವಳೆಂದೂ ಬರೆದುಕೊಂಡು ಹೋಗುತ್ತಿದ್ದರು. ಮನೆಗೆಲಸವಷ್ಟನ್ನೇ ಮಾಡುವವರನ್ನು ಇಂದಿಗೂ ಕೆಲಸಗಾರರ ಲೆಕ್ಕಕ್ಕೆ ಸೇರಿಸುವುದಿಲ್ಲ. ಶರಣರ ಸಮಾಜಕ್ಕೆ ಈ ಭೇದ ತೋರಲಿಲ್ಲ. ಆಯ್ದು ತಂದವನೂ ಆಯ್ದಕ್ಕಿ, ಅಟ್ಟು ನೀಡಿದವಳೂ ಆಯ್ದಕ್ಕಿ. ಎಷ್ಟು ತಂದರೆ ಸರಿ, ಎಷ್ಟು ತಂದರೆ ತಪ್ಪು ಎಂದು ತೀರ್ಮಾನಿಸಿದವಳು ಮನೆಯಲ್ಲಿದ್ದ ಆಕೆಯೇ ಆಗಿರುವಾಗ, ಕಸುಬಿನ ಯಜಮಾನಿಕೆ ಯಾರದು?

ಇದು ಆಕೆಯೊಬ್ಬಳ ಭಾಗ್ಯವಲ್ಲ. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಕದಿರ ರೆಮ್ಮವ್ವೆ ನೂಲು ತೆಗೆಯುವವಳು. ಸೂಳೆ ಸಂಕವ್ವೆಯ ಹೆಸರಿನಿಂದಲೂ ಹಳೆಯ ವೃತ್ತಿಯನ್ನು ಯಾರೂ ಅಳಿಸಲಿಲ್ಲ. ಅದು ಗೌರವವೋ ಬಿಡದ ಕಳಂಕವೋ ಎಂಬ ಬಗ್ಗೆ ನನ್ನಲ್ಲಿ ಸಂದೇಹ ಉಳಿದಿದೆ.

ಲಕ್ಕಮ್ಮನ 25 ವಚನಗಳು ನಮಗೆ ದೊರೆತಿವೆ. ಅವುಗಳ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ತವರೂರಿನ ದೈವದ ಜೊತೆಗೆ ಗಂಡನ ಹೆಸರೂ ಅಲ್ಲಿ ಸೇರಿಕೊಂಡಿರುವುದು ಇಂದಿನ ಓದುಗರಿಗೆ ಇರಿಸುಮುರಿಸು ತಂದೀತು. ಆದರೆ ಲೋಕ ಆಕೆಯನ್ನು ಮಾರಯ್ಯನ ಲಕ್ಕಮ್ಮ ಎಂದು ಕರೆಯಲಿಲ್ಲ. ರಾಟೆಯ ಮುಂದೆ ಕುಳಿತಿದ್ದ ರೆಮ್ಮವ್ವೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಆಕೆಯ ಅಂಕಿತದಲ್ಲಿ ಗುಮ್ಮೇಶ್ವರನೇ ಕದಿರ ರೆಮ್ಮಿಯ ಒಡೆಯನೆಂದು ಗುರುತಿಸಿಕೊಳ್ಳುತ್ತಾನೆ.