ಹೆಸರು ಬಿಡಿಸಿ ನೋಡಿದ ಮಾಸ್ತರರು: ಶಂ.ಬಾ. ಜೋಶಿ

ಶಂ.ಬಾ. ಜೋಶಿಯವರು 1896ರ ಜನವರಿ 4ರಂದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಅದೂ ನಮ್ಮ ರಾಮದುರ್ಗದ ಹಾಗೆ ಮಲಪ್ರಭಾ ದಂಡೆಯ ಊರು.

1928ರಿಂದ 1946ರವರೆಗೆ ಅವರು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರು. ಕಾಲೇಜಿನ ಪ್ರೊಫೆಸರರಲ್ಲ, ಸಾಲಿ ಮಾಸ್ತರರು! ಆದರೆ ಹಿಡಿದ ಪ್ರಶ್ನೆ ದೊಡ್ಡದು: ಹಿಂದಿನ ಕಾಲಕ್ಕೆ ಕನ್ನಡ ಎಲ್ಲೀತನಕ ಇತ್ತು?

ಅದಕ್ಕೆ ಅವರು ಹೆಸರುಗಳನ್ನೇ ಸಾಕ್ಷಿ ಮಾಡಿಕೊಂಡರು. ನಮ್ಮ ಹಾಜರಿ ಪುಸ್ತಕ ನೋಡಿರಿ. ಬಡಿಗೇರ, ಪತ್ತಾರ ಅಂದರೆ ಕಸುಬು ತಿಳೀತದೆ. ಕಟಕೋಳ, ಸಾಲಹಳ್ಳಿ ಅಂದರೆ ಊರು ತಿಳೀತದೆ. ಆಳುವವರು ಹೋಗ್ತಾರೆ, ಆಡುವ ಭಾಷೆಯೂ ಬದಲಾಗ್ತದೆ, ಹೆಸರು ಮಾತ್ರ ಬೇಗ ಅಳಿಯುವುದಿಲ್ಲ. ಜೋಶಿಯವರು ಮಹಾರಾಷ್ಟ್ರದ ಊರು, ಕುಲಗಳ ಹೆಸರುಗಳನ್ನು ಬಿಡಿಸಿ ಒಳಗಿನ ಕನ್ನಡ ತೋರಿಸಿದರು. ಅಲ್ಲಿಯ ಹಟಕರರು ಮೂಲದಲ್ಲಿ ಹಟ್ಟಿಕಾರರು, ಅಂದರೆ ದನ-ಕುರಿಯ ಹಟ್ಟಿಯವರು ಎಂದರು. ಎಲ್ಲರೂ ಒಪ್ಪಲಿಲ್ಲ. ಹೆಸರು ಒಂದೇ ಥರ ಕೇಳಿದರೆ ಮೂಲವೂ ಒಂದೇ ಆಗಬೇಕಂತಿಲ್ಲ, ಅದೂ ಖರೆ. ಆದರೂ ಬಿಡದೆ ಮರಾಠಿಯಲ್ಲೂ ಪುಸ್ತಕ ಬರೆದು ಆ ಜನರ ಮುಂದೆಯೇ ಇಟ್ಟರು. ಅದಕ್ಕೆ ಧೈರ್ಯ ಬೇಕು!

1933ರಲ್ಲಿ ‘ಕಣ್ಮರೆಯಾದ ಕನ್ನಡ’ ಬಂತು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 1981ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1991ರಲ್ಲಿ ತೀರಿಕೊಂಡರು, ಆಗ ಅವರಿಗೆ 95 ವರ್ಷ.