ಮಂಜೇಶ್ವರದ ಗೋವಿಂದ ಪೈಗಳು: ಬರಹವೂ ಬಾಳೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹಿರಿಯರನ್ನು ನೆನೆಯುವುದು ಧರ್ಮವೇ ಸರಿ. ಸಾಮಾನ್ಯವಾಗಿ ಇಂತಹ ಸ್ಮರಣ ಸಂಚಿಕೆಗಳಲ್ಲಿ ನಮ್ಮ ಧರ್ಮಸಭೆಯ ಸಂತರ ಚರಿತ್ರೆಗಳಿಗೆ ಸ್ಥಾನ ದೊರೆಯುತ್ತದೆ. ನಾವಾದರೋ ಈ ಸಲ ನಮ್ಮ ಧರ್ಮಸಭೆಗೆ ಸೇರದವರೊಬ್ಬರ, ಆದರೆ ನಮ್ಮ ಪ್ರಭುವಿನ ಶಿಲುಬೆಯ ಬುಡದಲ್ಲಿ ಬಹುಕಾಲ ಮೌನವಾಗಿ ನಿಂತ ಕನ್ನಡಿಗರೊಬ್ಬರ ಬಾಳನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು. ಜಿಡಗಾ, ಆಳಂದದ ಜೋಳ ತೊಗರಿಗಳ ಹೊಲಕ್ಕೂ ಕಡಲಂಚಿನ ಮಂಜೇಶ್ವರದ ತೆಂಗಿನ ತೋಟಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವುಂಟು, ಅದನ್ನು ಮುಂದೆ ಹೇಳುವೆವು.

ಗೋವಿಂದ ಪೈಗಳು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮ. ಮನೆಯ ಮಾತು ಕೊಂಕಣಿ; ಹೃದಯದ ಮಾತಾಗಿ ಅವರು ವರಿಸಿದ್ದು ಕನ್ನಡವನ್ನು. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂತಹ ಗುರುಗಳು ದೊರೆತರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅವರ ವ್ಯಾಸಂಗ ಸಾಗಿತು. ತರುವಾಯ ನಮ್ಮ ದೇಶದ ರಾಷ್ಟ್ರಪತಿಗಳಾದ ಸರ್ವೇಪಲ್ಲಿ ರಾಧಾಕೃಷ್ಣನ್ನರು ಅಲ್ಲಿ ಅವರ ಸಹಪಾಠಿಗಳು.

ಪದವಿಯ ಪರೀಕ್ಷೆಯ ಹೊತ್ತಿಗೆ ತಂದೆಯವರ ಕಾಯಿಲೆಯ ವಾರ್ತೆ ಬಂದಿತು. ತರುಣ ಗೋವಿಂದ ಪೈಗಳು ಊರಿಗೆ ಮರಳಿದರು, ತಂದೆ ತೀರಿಕೊಂಡರು, ಹಿರಿಯ ಮಗನಾದ ಅವರ ಹೆಗಲಿಗೆ ಸಂಸಾರದ ನೊಗ ಬಿದ್ದಿತು. ಬರೆದ ಇಂಗ್ಲಿಷ್ ಪರೀಕ್ಷೆಯೊಂದರಲ್ಲಿ ಚಿನ್ನದ ಪದಕ ದೊರೆಯಿತಾದರೂ ಪದವಿ ಮಾತ್ರ ಕೈಗೂಡಲಿಲ್ಲ. ಇಂತಹ ಎಡವು ಎಷ್ಟೋ ಪ್ರತಿಭಾವಂತರ ಮನಸ್ಸನ್ನು ಕಹಿಮಾಡಿದೆ. ಗೋವಿಂದ ಪೈಗಳು ಹಾಗೆ ಕಹಿಯಾಗಲಿಲ್ಲ. ಪರೀಕ್ಷೆ ಮುಗಿದರೂ ಮುಗಿಯದಿದ್ದರೂ ಕಲಿಕೆಗೆ ಕೊನೆಯಿಲ್ಲವೆಂದು ತಿಳಿದು ಮಂಜೇಶ್ವರದ ಮನೆಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡರು. ಸಂಸ್ಕೃತ, ಪಾಳಿ, ಗ್ರೀಕ್, ಲ್ಯಾಟಿನ್ ಮೊದಲಾಗಿ ಅನೇಕ ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಸಂಪಾದಿಸಿದರು. ಶಾಸನ, ಇತಿಹಾಸ, ಕವಿಗಳ ಕಾಲನಿರ್ಣಯ ಮುಂತಾದ ಕ್ಲಿಷ್ಟ ವಿಷಯಗಳಲ್ಲಿ ಸಂಶೋಧನೆ ನಡೆಸಿದರು. ಜಪಾನಿನ ನೋ ನಾಟಕಗಳನ್ನೂ ಪಾರಸಿಕ ಕವಿ ಉಮರ ಖಯ್ಯಾಮನನ್ನೂ ಕನ್ನಡಕ್ಕೆ ತಂದರು.

ಪಾಂಡಿತ್ಯವು ಮನುಷ್ಯನನ್ನು ಎತ್ತರಿಸಬಲ್ಲುದು, ಒಣಗಿಸಲೂ ಬಲ್ಲುದು. ಗೋವಿಂದ ಪೈಗಳ ಬಾಳಿನಲ್ಲಿ ಅದು ಹೇಗೆ ಕರುಣೆಯಾಗಿ ಮಾಗಿತೆಂಬುದೇ ನಾವು ಗಮನಿಸಬೇಕಾದ ವಿಷಯ.

ಅಂದಿನ ಕನ್ನಡ ಕಾವ್ಯದಲ್ಲಿ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕೆಂಬ ನಿಯಮವಿತ್ತು. ಅದನ್ನು ದ್ವಿತೀಯಾಕ್ಷರ ಪ್ರಾಸವೆನ್ನುತ್ತಿದ್ದರು. ಪ್ರಾಸಕ್ಕಾಗಿ ಅರ್ಥವನ್ನು ಬಾಗಿಸುವ ಪ್ರಸಂಗಗಳು ಪದೇ ಪದೇ ಒದಗುತ್ತಿದ್ದವು. 1911ರ ಸುಮಾರಿಗೆ ಗೋವಿಂದ ಪೈಗಳು ಆ ಪ್ರಾಸವನ್ನು ತೊರೆಯಲು ನಿಶ್ಚಯಿಸಿದರು. ಸಂಪ್ರದಾಯವಾದಿಗಳ ಆಕ್ಷೇಪಕ್ಕೆ ಗುರಿಯಾಗಬೇಕಾಯಿತು, ಅವರು ಹಿಂಜರಿಯಲಿಲ್ಲ. ಅವರ ಪ್ರಾಸವಿಲ್ಲದ ಮೊದಮೊದಲ ಪದ್ಯಗಳ ಪೈಕಿ ಒಂದು ಅಸ್ಪೃಶ್ಯತೆಯನ್ನೇ ಪ್ರಶ್ನಿಸುವಂತಹದು. ಕಿವಿಗೆ ಇಂಪಾದುದನ್ನು ಬಿಟ್ಟು ಸತ್ಯವಾದುದನ್ನು ಹಿಡಿಯುವ ಈ ಧೈರ್ಯವು ಕೇವಲ ಛಂದಸ್ಸಿನ ಸಂಗತಿಯಲ್ಲ, ಆತ್ಮದ ಸಂಗತಿ ಎಂದು ನಾವು ಭಾವಿಸುತ್ತೇವೆ.

ನಡುವಯಸ್ಸಿನಲ್ಲಿ ಅವರಿಗೆ ಪತ್ನೀವಿಯೋಗ ಒದಗಿತು. ಆ ದುಃಖದಿಂದ ನಂದಾದೀಪದ ಕವಿತೆಗಳು ಮೂಡಿದವು. ಅವರ ಸಾಹಿತ್ಯವಾದರೋ ಸ್ವಂತ ದುಃಖದ ಹೊಸ್ತಿಲಲ್ಲಿಯೇ ಕುಳಿತುಬಿಡಲಿಲ್ಲ. ಪರರ ನೋವಿನ ಮನೆಗಳನ್ನೂ ಹೊಕ್ಕಿತು. 1930ರ ದಶಕದಲ್ಲಿ ಕನ್ನಡಿಗರ ಕೈಸೇರಿದ ಗೊಲ್ಗೊಥಾ ಎಂಬ ಖಂಡಕಾವ್ಯದಲ್ಲಿ ಅವರು ಯೇಸುಕ್ರಿಸ್ತರ ಕೊನೆಯ ದಿನವನ್ನು ಚಿತ್ರಿಸಿದರು. ವೈಶಾಖಿಯಲ್ಲಿ ಬುದ್ಧನ ಕೊನೆಯ ದಿನವನ್ನು ಹಾಡಿದರು. ಹೆಬ್ಬೆರಳು ನಾಟಕದಲ್ಲಿ, ಗುರುದಕ್ಷಿಣೆಯ ಹೆಸರಿನಲ್ಲಿ ಬೆರಳನ್ನು ಕಳೆದುಕೊಂಡ ಏಕಲವ್ಯನನ್ನು ಕಂಡರು. ಗೊಮ್ಮಟನನ್ನೂ ಸ್ತುತಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಗೌರವಿಸಬೇಕೆಂದು ನಮಗೆ ಬೋಧಿಸಿದುದು 1965ರಲ್ಲಿ. ಮಂಜೇಶ್ವರದ ಕವಿ ತಮ್ಮ ಬರಹದಲ್ಲಿ ಅದನ್ನು ಅಷ್ಟರೊಳಗೇ ಆಚರಿಸಿ ಮುಗಿಸಿದ್ದರು.

ಇಲ್ಲಿ ನಮ್ಮ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು. ಗುರುಮಠದಲ್ಲಿ ಓದುತ್ತಿದ್ದಾಗ ನಾವು ಮೊದಲ ಬಾರಿಗೆ ಗೊಲ್ಗೊಥಾವನ್ನು ಕೈಗೆತ್ತಿಕೊಂಡೆವು. ಅದರ ಭಾಷೆ ಪ್ರೌಢವಾದುದು; ನಿಘಂಟಿನ ನೆರವಿಲ್ಲದೆ ಮುಂದೆ ಸಾಗುವುದು ಕಷ್ಟ. ಅರ್ಧಂಬರ್ಧ ಅರ್ಥಮಾಡಿಕೊಂಡು, ಹಿಂದೂ ಕವಿಯೊಬ್ಬರು ನಮ್ಮ ಪ್ರಭುವನ್ನು ಹೊಗಳಿದ್ದಾರೆಂದು ಗೆಳೆಯರೊಡನೆ ಹೆಮ್ಮೆಪಟ್ಟೆವು. ಪುಸ್ತಕವನ್ನು ಕಪಾಟಿನಲ್ಲಿಟ್ಟೆವು. ನಮ್ಮ ಮಟ್ಟಿಗೆ ಅದು ನಮಗೆ ಸಂದ ಪ್ರಶಸ್ತಿಯಾಗಿತ್ತೇ ಹೊರತು ನಮ್ಮನ್ನು ಕೇಳುವ ಪ್ರಶ್ನೆಯಾಗಿರಲಿಲ್ಲ.

ಗುರುಪಟ್ಟವಾಗಿ ಕೆಲವು ವರ್ಷಗಳು ಕಳೆದಿದ್ದವು. ಮಳೆ ಕೈಕೊಟ್ಟು ತೊಗರಿ ಒಣಗಿದ ಒಂದು ವರ್ಷ, ಶುಭ ಶುಕ್ರವಾರದ ದಿನ, ಶಿಲುಬೆಯ ಹಾದಿಯ ಭಕ್ತಿಕಾರ್ಯಕ್ಕೆ ನಾವು ಅವಸರದಿಂದ ಹೊರಟಿದ್ದೆವು. ಬಾಗಿಲಲ್ಲಿ ಒಬ್ಬ ರೈತನು ನಿಂತಿದ್ದನು. ನಮ್ಮ ವಿಶ್ವಾಸದವನಲ್ಲ, ಪರಿಚಿತನೂ ಅಲ್ಲ. ಏನೋ ಹೇಳಲು ಬಾಯಿ ತೆರೆದನು. ಪೂಜೆಯ ಹೊತ್ತಾಯಿತು, ನಾಳೆ ಬಾ ಎಂದು ನಾವು ಮುಂದೆ ನಡೆದೆವು. ಹದಿನಾಲ್ಕು ಸ್ಥಳಗಳಲ್ಲಿಯೂ ಮೊಣಕಾಲೂರಿ, ಪ್ರಭುವಿನ ಶಿಲುಬೆಗೆ ಹೆಗಲುಕೊಟ್ಟ ಸಿಮೋನನನ್ನು ಕುರಿತು ಗಟ್ಟಿಯಾಗಿಯೇ ಬೋಧಿಸಿದೆವು. ಮರುದಿನ ಆತ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಅವನು ಏನು ಹೇಳಲು ಬಂದಿದ್ದನೆಂಬುದು ಇಂದಿಗೂ ನಮಗೆ ತಿಳಿಯದು.

ಆ ವಾರದಲ್ಲಿಯೇ ಗೊಲ್ಗೊಥಾವನ್ನು ಮತ್ತೆ ತೆರೆದೆವು. ಈ ಸಲ ಓದು ಬೇರೆಯಾಗಿತ್ತು. ದೂರದ ಯೆರೂಸಲೇಮಿನಲ್ಲಿ, ಅನ್ಯಜನಾಂಗದ, ಅನ್ಯಧರ್ಮದ ಒಬ್ಬ ವ್ಯಕ್ತಿ ಪಟ್ಟ ಒಂದು ದಿನದ ಯಾತನೆಗಾಗಿ ಈ ವಿದ್ವಾಂಸರು ತಮ್ಮ ವಿದ್ಯೆಯನ್ನೂ ಏಕಾಂತವನ್ನೂ ಧಾರೆಯೆರೆದಿದ್ದರು. ಆ ಯಾತನೆಯ ವಾರಸುದಾರರಾದ ನಾವಾದರೋ ನಮ್ಮ ಬಾಗಿಲಿಗೆ ಬಂದವನಿಗಾಗಿ ಐದು ನಿಮಿಷ ನಿಲ್ಲಲಿಲ್ಲ. ಪ್ರಭುವಿನ ಪಾಡು ನಮಗೆ ಬಾಯಿಪಾಠವಾಗಿತ್ತು, ಅವರಿಗೆ ಅದು ಅನುಭವವಾಗಿತ್ತು. ಓದಿದ್ದು, ಬರೆದದ್ದು, ಬೋಧಿಸಿದ್ದು ಇವೆಲ್ಲ ನಮ್ಮನ್ನು ಮತ್ತೊಬ್ಬರ ನೋವಿನ ಬಳಿಗೆ ಒಂದು ಹೆಜ್ಜೆಯಾದರೂ ಒಯ್ಯದಿದ್ದರೆ ನಾವು ಬೆಳೆದೆವೆಂದು ಹೇಳುವುದು ಹೇಗೆ?

ಗೋವಿಂದ ಪೈಗಳಿಗೆ ಗೌರವಗಳು ತಾವಾಗಿ ಅರಸಿಬಂದವು. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆದರೆ ಕೊನೆಗಾಲದಲ್ಲಿ ಒಂದು ವ್ಯಥೆ ಅವರನ್ನು ಬಾಧಿಸಿತು. 1956ನೆಯ ಇಸವಿ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಜೇಶ್ವರವು ಕಾಸರಗೋಡಿನೊಡನೆ ಕೇರಳಕ್ಕೆ ಸೇರಿತು. ಅದೇ ದಿನ, ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಗಳ ನಡುವೆ ತಾಯ್ನುಡಿಯನ್ನು ಕಾಪಾಡಿಕೊಂಡು ಬಂದ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದು ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡ ನಾಡನ್ನು ಸೇರಿದವು. ಆರಂಭದಲ್ಲಿ ಹೇಳಿದ ಸಂಬಂಧವು ಇದೇ. ನಾವು ಒಳಗೆ ಬಂದ ದಿನ ಅವರು ಹೊರಗುಳಿದರು. ನಮ್ಮ ಹಿರಿಯರು ಹಬ್ಬಮಾಡಿದ ದಿನ ಅವರಿಗೆ ದುಃಖದ ದಿನವಾಯಿತು. ನಮ್ಮ ಸಂತೋಷದ ಹೊತ್ತಿನಲ್ಲಿ ಹೊರಗೆ ಉಳಿದವರು ಯಾರೆಂದು ಕೇಳಿಕೊಳ್ಳುವುದನ್ನು ಅವರ ಬಾಳು ನಮಗೆ ಕಲಿಸಬೇಕು.

1963ನೆಯ ಇಸವಿ ಸೆಪ್ಟೆಂಬರ್ 6ರಂದು ಅವರು ಕಾಲವಾದರು. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಂಜೇಶ್ವರದಲ್ಲಿ ಅವರ ಹೆಸರಿನ ಕಾಲೇಜಿದೆ.

ಪ್ರಿಯ ವಿಶ್ವಾಸಿಗಳೇ, ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಸಂಭ್ರಮದಲ್ಲಿ ಗೋಡೆಗೆ ಹೊಸ ಬಣ್ಣ ಬಳಿದಿದ್ದೇವೆ, ತೋರಣ ಕಟ್ಟಿದ್ದೇವೆ. ಅದೆಲ್ಲವೂ ಯೋಗ್ಯವೇ. ಆದರೆ ಬರುವ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಗೆ ಹೊರಡುವಾಗ ಬಾಗಿಲ ಬಳಿ ಯಾರಾದರೂ ನಿಂತಿದ್ದರೆ, ದಯವಿಟ್ಟು ನಿಲ್ಲಿರಿ. ಅವರ ಮಾತನ್ನು ಪೂರ್ತಿ ಕೇಳಿರಿ. ಪೂಜೆಗೆ ಸ್ವಲ್ಪ ತಡವಾದರೆ ಚಿಂತೆಯಿಲ್ಲ. ನಿಮ್ಮ ಗುರುಗಳು ಕಾಯುವರು.